ಯಾರ ನಕ್ಷತ್ರದಿಂದ ಎಣಿಸುವುದು

ಜಯನಗರದ ಶಾಮಣ್ಣ ನಲವತ್ತು ವರ್ಷಗಳಿಂದ ಜಾತಕ ಕೂಡಿಸಿ ನೋಡುತ್ತ ಬಂದವರು. ಆ ಭಾನುವಾರ ಬೆಳಿಗ್ಗೆ ಬಂದ ಹೆಂಗಸು ಎರಡು ಜಾತಕ ಮುಂದಿಟ್ಟಾಗ ಎಂದಿನಂತೆ ಕನ್ನಡಕ ಏರಿಸಿ ಕೇಳಿದರು: "ಹುಡುಗನದು ಯಾವುದಮ್ಮ?"

"ಎರಡೂ ಹುಡುಗ್ಯಾರ್ವು ರೀ," ಎಂದಳು ಆಕೆ. ಗದಗದ ಕಡೆಯ ದಾನಮ್ಮ. ಮಗಳು ವಿಜಯಲಕ್ಷ್ಮಿ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಇನ್ನೊಂದು ಜಾತಕ ಅವಳ ಜೊತೆಗಿರುವ ಪ್ರಕೃತಿಯದು.

ಶಾಮಣ್ಣನವರು ಎರಡೂ ಜಾತಕದ ಹೆಸರುಗಳನ್ನು ಮತ್ತೊಮ್ಮೆ ಓದಿದರು. "ಸುಪ್ರೀಂ ಕೋರ್ಟೇ ಇಂಥ ಮದುವೆಗೆ ಒಪ್ಪಲಿಲ್ವಲ್ಲಮ್ಮ."

"ಟಿವಿಯೊಳಗ ನೋಡೀನ್ರಿ. ಅವತ್ತ ನನಗ ಖುಷಿ ಆಗಿತ್ತು. ಮಗಳು ಎರಡು ದಿನ ಊಟಾನ ಮಾಡ್ಲಿಲ್ಲ. ನನಗ ಯಾಕ ಖುಷಿ ಆತೋ ಇವತ್ತಿಗೂ ತಿಳಿವಲ್ದು. ಕೋರ್ಟ್ ಬಿಡ್ರಿ, ಇಬ್ರೂ ಚೊಲೋತ್ನಂಗ ಇರ್ತಾರೇನು, ಅಷ್ಟ ನೋಡ್ರಿ."

ಆಗುವುದಿಲ್ಲ ಎನ್ನಲು ಬಾಯಿ ತೆರೆದವರು ಯಾಕೋ ಪಂಚಾಂಗ ತೆರೆದರು. ಹೆಣ್ಣಿನ ನಕ್ಷತ್ರದಿಂದ ಗಂಡಿನದಕ್ಕೆ ಎಣಿಸಬೇಕು. ಇಲ್ಲಿ ಎಲ್ಲಿಂದ ಹೊರಡುವುದು? ವಿಜಯಲಕ್ಷ್ಮಿಯ ರೋಹಿಣಿಯಿಂದ ಪ್ರಕೃತಿಯ ಪುಷ್ಯಕ್ಕೆ ಐದು, ಕೂಡದು. ಪುಷ್ಯದಿಂದ ರೋಹಿಣಿಗೆ ಇಪ್ಪತ್ತನಾಲ್ಕು, ಒಂಬತ್ತರಿಂದ ಭಾಗಿಸಿದರೆ ಉಳಿಯುವುದು ಆರು, ಉತ್ತಮ. ಬೆರಳು ಮಡಿಸಿ ಗಟ್ಟಿಯಾಗಿ ಮತ್ತೆ ಎಣಿಸಿದರು. ಅದೇ ಬಂತು.

ಕಾಫಿ ತಂದ ಹೆಂಡತಿ ಚೂಡಾಮಣಿ ಅಲ್ಲೇ ನಿಂತಿದ್ದರು. "ಒಳ್ಳೇದು ಬರೋ ಕಡೆಯಿಂದ ಎಣಿಸಿಬಿಡಿ, ಅಷ್ಟೆ."

"ಹಾಗೆಲ್ಲ ಮಾಡಕ್ಕಾಗತ್ತೇನೇ?" ಎಂದು ರೇಗಿದರು. ಹೇಗೆ ಮಾಡಬೇಕೆಂಬುದು ಅವರಿಗೂ ತಿಳಿಯಲಿಲ್ಲ. "ತಲೆ ಓಡ್ತಿಲ್ಲಮ್ಮ. ಇಬ್ಬರನ್ನೂ ಕರ್ಕೊಂಡು ಬನ್ನಿ."

"ಅವ್ರನ್ನ ಏನ್ ಕೇಳ್ತೀರಿ?"

"ಗೊತ್ತಿಲ್ಲ."

ವಾರವಿಡೀ ಹಳೆಯ ಪುಸ್ತಕಗಳನ್ನು ತಿರುವಿಹಾಕಿದರು. ಇಂಥದ್ದೊಂದು ಪ್ರಶ್ನೆಯೇ ಯಾವುದರಲ್ಲೂ ಇರಲಿಲ್ಲ.

ಮುಂದಿನ ಭಾನುವಾರ ಮೂವರೂ ಬಂದರು. ವಿಜಯಲಕ್ಷ್ಮಿ ತಲೆ ತಗ್ಗಿಸಿ ಬಾಗಿಲಲ್ಲೇ ನಿಂತಳು. ಪ್ರಕೃತಿ ನೇರವಾಗಿ ಕೇಳಿದಳು: "ಅಂಕಲ್, ನಿಮಗೆ ಇದು ಸರಿ ಅನ್ಸತ್ತಾ?"

ಶಾಮಣ್ಣನವರು ಪಂಚೆಯ ಅಂಚನ್ನು ಸರಿಮಾಡಿಕೊಂಡರು.

"ಗೊತ್ತಾಗ್ತಿಲ್ಲ ಮಗು," ಎಂದರು. "ಇಬ್ಬರ ಕಡೆಯಿಂದಲೂ ಎಣಿಸಿದೀನಿ. ಎರಡನ್ನೂ ಹೇಳ್ತೀನಿ, ಮುಚ್ಚಿಡಲ್ಲ. ಒಳಗೆ ಬನ್ನಿ."

ದಾನಮ್ಮ ಚಪ್ಪಲಿ ಬಿಟ್ಟು ಮೊದಲು ಒಳಗೆ ನಡೆದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವಳ ಹಿಂದೆಯೇ ಬಂದರು. ಯಾರನ್ನು ಎಲ್ಲಿ ಕೂರಿಸಬೇಕೆಂದು ತೋಚದೆ ಶಾಮಣ್ಣನವರು ಚಾಪೆ ಹಿಡಿದುಕೊಂಡು ನಿಂತರು.