ಅಂಗೈಯ ಆಸರೆ

ಇಷ್ಟು ಥಂಡಿ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು, ಎಳ್ಳ ಅಮಾವಾಸ್ಯೆ ಮುಗಿದು ಇನ್ನೂ ಮೂರು ದಿನ, ಕಲಬುರಗಿಯ ಪೊಲೀಸ್ ಮೈದಾನದ ಹುಲ್ಲಿನ ಮೇಲೆಲ್ಲ ಇಬ್ಬನಿ, ಉಸಿರು ಬಿಟ್ಟರೆ ಬಾಯಿಂದ ಹೊಗೆ, ಗಾಳಿಯೊಂದು ಇಲ್ಲ — ದೇವರು ಶರಣಪ್ಪನ ದಯೆ, ಗಾಳಿ ಇಲ್ಲದಿದ್ದರೆ ಅರ್ಧ ಗೆದ್ದಂತೆ ಎನ್ನುತ್ತಿದ್ದ ಅಪ್ಪ — ಬಂಡೆಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಚಾಪೆಯ ಮೇಲೆ ಬೋರಲು ಮಲಗಿದ್ದಾಳೆ, ಮುಂದೆ ಸರ್ಕಾರದ ಸಣ್ಣ ಬಂದೂಕು, ಬಂದೂಕಿನ ಕೆಳಗೆ ಕಮಲಾಪುರದಿಂದ ತಂದ ಮಣ್ಣಿನ ಚೀಲ, ಐವತ್ತು ಗಜದಾಚೆ ಕಾಗದ, ಕಾಗದದ ನಡುವೆ ಕರಿ ಚುಕ್ಕಿ, ಬಂದೂಕಿನ ಹಿಂದಿನ ಕಿಂಡಿಗೆ ಕಣ್ಣಿಟ್ಟರೆ ಆ ಚುಕ್ಕಿಯ ಸುತ್ತ ತೆಳ್ಳಗೆ ಒಂದು ಬೆಳಕಿನ ಬಳೆ. ಆಸರಿಗೆ ಮೂಟಿ ನಿಮ್ಮದು, ಬಂದೂಕ್ ಸರ್ಕಾರದ್ದು, ಮೂರು ಗುಂಡು ಕೈ ಕೂಡಿಸಾಕ, ಐದು ಗುಂಡು ಲೆಕ್ಕಕ್ಕ, ಐದೂ ಈ ಬಳಿಯೊಳಗ ಬೀಳಬೇಕು ನೋಡ್ರಿ ಎಂದು ಠಾಣೆಯ ಜಮಾದಾರ ವಹಾಬ್ ಹಿತ್ತಾಳೆಯ ಬಳೆಯೊಂದನ್ನು ಎತ್ತಿ ತೋರಿಸಿದ್ದ. ಬಿದ್ದರೆ ಅಪ್ಪನ ಬಂದೂಕು ಮನೆಗೆ, ಬೀಳದಿದ್ದರೆ ಕುಲುಮೆಗೆ. ಪೊಲೀಸ್ ಆಕ್ಷನ್ ಆದ ವರ್ಷ ಊರೂರಿನ ಬಂದೂಕುಗಳೆಲ್ಲ ಠಾಣೆ ಸೇರಿದವು, ಅಪ್ಪ ಮಾಪಣ್ಣ ತನ್ನದನ್ನು ಕಂಬಳಿಯಲ್ಲಿ ಸುತ್ತಿ ತಾನೇ ಒಯ್ದು ಕೊಟ್ಟು ಬಂದ, ಬಂದವನು ಅವತ್ತು ಊಟ ಮಾಡಲಿಲ್ಲ, ಮರುವರ್ಷ ಅಪ್ಪನೇ ಇಲ್ಲ, ಕೆಂಪು ಬಾಳೆಯ ತೋಟಕ್ಕೆ ಹಂದಿಗಳು ನೆಂಟರ ಹಾಗೆ ಬಂದು ಹೋಗುತ್ತವೆ. ಕೊಲ್ಲಾಕಲ್ಲವ್ವ, ಅಂಜಿಸಾಕ, ಎನ್ನುತ್ತಿದ್ದ ಅಪ್ಪ, ಬದುವಿನ ಬೇವಿಗೆ ತಗಡು ಕಟ್ಟಿ ತಗಡಿಗೇ ಗುರಿ ಇಡುತ್ತಿದ್ದ, ಠಣ್ ಎಂದರೆ ಹಂದಿ ಹಿಂಡು ಹಳ್ಳ ದಾಟುತ್ತಿತ್ತು — ಜೀವ ಉಳೀಬೇಕಂದ್ರ ಗುರಿ ತಪ್ಪಬಾರದು, ಗುರಿ ತಪ್ಪಿದ ಗುಂಡು ಯಾರದರ ಮೈ ಹುಡುಕ್ತದ.

ಮೊದಲ ಗುಂಡು ಹೋಯಿತು, ಚುಕ್ಕಿಯನ್ನು ದಾಟಿ ಬಿತ್ತು, ಬಳೆಗಿಂತ ಎಷ್ಟೋ ಮೇಲೆ. ಏ ಬಂಡೆಮ್ಮ, ರೊಟ್ಟಿ ಬಡದಂಗಲ್ಲ ಇದು, ಎಂದು ಹಿಂದಿನಿಂದ ನಗುವವನು ಗಂಜ್ ಪೇಟೆಯ ಕಾಳಿನ ದಲ್ಲಾಳಿ ಮಾಣಿಕಪ್ಪ, ಅವನದೂ ಒಂದು ಬಂದೂಕು ಠಾಣೆಯಲ್ಲಿ ಕೂತಿದೆ. ರೊಟ್ಟಿ ಬಡಿಯೂದು ನಿನಗೇನ ಗೊತ್ತೋ ಮಾಣಿಕಣ್ಣ, ದುಂಡಗಾಗಬೇಕಂದ್ರ ಕೈ ಹಗೂರ ಇರಬೇಕು, ಎಂದಳು ತಿರುಗದೆ, ಆದರೆ ಎದೆ ಹಗುರವಿಲ್ಲ. ಅವನ ಸರದಿ ಈಗಷ್ಟೇ ಮುಗಿದಿತ್ತು, ತೊಗರಿ ತುಂಬಿದ ಚೀಲ ತಂದಿದ್ದ, ನಮ್ಮನ್ನ ಸಾಕಿದ ತೊಗರಿ ಬಂದೂಕನ್ನ ಸಾಕಂಗಿಲ್ಲೇನು ಎಂದು, ಪ್ರತಿ ಗುಂಡಿಗೂ ಒಳಗೆ ಕಾಳು ಉರುಳಿ ಚೀಲ ಜರುಗಿ, ಕಾಗದದ ತುಂಬ ತೂತು, ಬಿತ್ತಿದ ಹಾಗೆ. ಅವನ ಚೀಲ ಮೆತ್ತಗೆ ಜಾರಿತು, ನನ್ನದೇಕೆ ಹೀಗೆ — ಅಯ್ಯೋ, ನಳಿಗೆಯನ್ನೇ ಚೀಲಕ್ಕೆ ಆನಿಸಿದ್ದಾಳಲ್ಲ, ನಳಿಗಿ ಊರಬ್ಯಾಡ, ಕಟಗಿ ಊರು, ಎಷ್ಟು ಸಲ ಹೇಳಿದ್ದ ಅಪ್ಪ, ನಳಿಗಿ ಸಾಧು ಇದ್ದಂಗ, ಯಾರ ಮ್ಯಾಲೂ ಒರಗಂಗಿಲ್ಲ. ಬಂದೂಕನ್ನು ಹಿಂದೆ ಎಳೆದು ಮರದ ಭಾಗವನ್ನು ಚೀಲದ ಮೇಲಿಟ್ಟು ಎರಡನೆಯದು — ಸ್ವಲ್ಪ ಇಳಿಯಿತು, ಆದರೂ ಮೇಲೆಯೇ, ಹೆಗಲಿಗೆ ಎಳಗರುವಿನ ಒದೆ. ಚೀಲವನ್ನು ಬೆರಳಿಂದ ಒತ್ತುತ್ತಾಳೆ, ಕಲ್ಲು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಎಡೆಯ ಅನ್ನದ ಚರಗ ಚೆಲ್ಲಿದ ಜಾಗದ ಎರೆಮಣ್ಣೇ ಬೇಕೆಂದು ಬಾಚಿ ತಂದಳಲ್ಲ, ಭೂಮ್ತಾಯಿ ಕಾಯುತ್ತಾಳೆಂದು, ಆ ಮಣ್ಣು ಬಂಡಿಯಲ್ಲಿ ಬರುವಾಗ ಇಬ್ಬನಿ ಕುಡಿದು, ಬಿಗಿದು, ಹೆಂಟೆಯಾಗಿ ಕೂತಿದೆ, ತಾಯಿಯ ತಪ್ಪಲ್ಲ, ಎರೆಮಣ್ಣಿನ ಗುಣವೇ ಅದು, ಗಟ್ಟಿಯ ಮೇಲೆ ಇಟ್ಟ ಬಂದೂಕು ಗಟ್ಟಿಯನ್ನು ಒದ್ದು ಮೇಲೆ ಹಾರುತ್ತದೆ. ತೋಟದಲ್ಲಿ ಕಡಿದ ಬಾಳೆಯ ಬುಡ ಇತ್ತು, ತಣ್ಣಗೆ, ನೀರು ತುಂಬಿ, ಬಂದೂಕು ಅದರಲ್ಲಿ ಒಂದಿಷ್ಟು ಇಳಿದು ಕೂರುತ್ತಿತ್ತು, ಇಲ್ಲೆಲ್ಲಿಯ ಬಾಳೆ, ಈ ಮೈದಾನದಲ್ಲಿ ಮೆತ್ತಗಿರುವುದು ಏನಿದೆ, ಜಲ್ದಿ ಮಾಡಮ್ಮ, ಬಿಸಲ್ ಏರಾಕತ್ತದ ಎನ್ನುತ್ತಿದ್ದಾನೆ ವಹಾಬ್, ಎಡಗೈ ಹುಲ್ಲಿನ ಮೇಲೆ ಸುಮ್ಮನೆ ಬಿದ್ದಿದೆ, ಅಂಗೈ ಮೇಲಾಗಿ, ಕೂಸಿನ ತಲೆ ಹಿಡಿಯುವ ಕೈ, ಕೂಸನ್ನು ನೆಲದ ಮೇಲೆ ಮಲಗಿಸುವಾಗ ಕೂಡ ತಲೆಯ ಕೆಳಗಿನ ಕೈ ಕೊನೆಗೇ ತೆಗೆಯುವುದು — ಕೈ.

ಎಡಗೈಯನ್ನು ಚೀಲದ ಮೇಲೆ ಅಂಗಾತ ಇಡುತ್ತಾಳೆ, ಅಂಗೈಯಲ್ಲಿ ಬಂದೂಕನ್ನು ಮಲಗಿಸುತ್ತಾಳೆ, ಹಿಡಿಯುವುದಿಲ್ಲ, ಹಿಡಿದರೆ ಹೆದರುತ್ತದೆ, ಕೆಳಗೆ ಗಟ್ಟಿ ಮಣ್ಣು, ನಡುವೆ ಮಾಂಸ, ಮೇಲೆ ಕಟ್ಟಿಗೆ, ಮೂರನೆಯ ಗುಂಡು — ಚುಕ್ಕಿಯ ಹೊಟ್ಟೆಯಲ್ಲಿ. ಮಾಣಿಕಪ್ಪ ನಗುವುದು ನಿಂತಿದೆ. ಇನ್ನು ಲೆಕ್ಕದವು. ಅಂಗೈ ಈಗ ಇನ್ನೊಂದನ್ನು ಹೇಳುತ್ತಿದೆ, ನಾಡಿ, ಪ್ರತಿ ಬಡಿತಕ್ಕೂ ನಳಿಗೆಯ ತುದಿಯ ಗುರಿಕಡ್ಡಿ ಎಳ್ಳಿನಷ್ಟು ಎದ್ದು ಕೂರುತ್ತದೆ, ಬೆಳಕಿನ ಬಳೆ ಒಂದು ಕಡೆ ಸವೆಯುತ್ತದೆ, ಮತ್ತೆ ತುಂಬುತ್ತದೆ, ಇದಕ್ಕೆ ಯಾವ ಮೂಟೆಯೂ ಇಲ್ಲ, ಇದು ಒಳಗಿನದು. ಸೋಮವಾರದ ಭಜನೆಯಲ್ಲಿ ತಾಳ ಒಂದು ಸಲ ಬಿದ್ದು ಇನ್ನೊಂದು ಸಲ ಬೀಳುವ ನಡುವೆ ಒಂದು ಸಂದು ಇರುತ್ತದೆ, ಆ ಸಂದಿನಲ್ಲೇ ದೇವರು ಕೂತಿರೂದು ಎನ್ನುತ್ತಿದ್ದ ಅಪ್ಪ, ಕಣ್ಣು ಮುಚ್ಚಿ ತೂಗುತ್ತಾ — ಇವಳು ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸುತ್ತಾಳೆ, ಬಡಿತ, ಸಂದು, ಶರಣಪ್ಪ — ಒಂದು. ಬಡಿತ, ಸಂದು — ಹೋಯಿತು, ಎಲ್ಲಿಗೆ ಎಂದು ನೋಡುವುದಿಲ್ಲ, ನೋಡಿದರೆ ಆಸೆ ಹುಟ್ಟುತ್ತದೆ, ಕಡ್ಡಿ ಮುಂದೆ, ಚುಕ್ಕಿ ಆಚೆ, ಸುತ್ತ ಬಳೆ, ಒಡೆಯದ ಬಳೆ, ಥಂಡಿ ಇಲ್ಲ, ಮೈದಾನ ಇಲ್ಲ, ಬಂದೂಕೂ ಇಲ್ಲ, ಮತ್ತೊಂದು, ಮತ್ತೊಂದು, ಕೊನೆಯದು ತಾನೇ ಹೋಯಿತು, ಬೆರಳು ಕೇಳಲೂ ಇಲ್ಲ. ವಹಾಬ್ ನಡೆದು ಹೋಗುತ್ತಾನೆ, ಬಾಗುತ್ತಾನೆ, ಹಿತ್ತಾಳೆಯ ಬಳೆಯನ್ನು ಕಾಗದಕ್ಕೆ ಒತ್ತುತ್ತಾನೆ, ಎಷ್ಟು ಹೊತ್ತು ಒತ್ತುತ್ತಾನೆ ಈ ಮನುಷ್ಯ — ಮಾಷಾ ಅಲ್ಲಾ, ಬಳಿಯೊಳಗ ಇನ್ನೊಂದು ಬಳಿ ಹಿಡೀತದ ಇಲ್ಲಿ! ಲೇ ತೊಗರಿ, ಮನಿ ಮುರದೆಲ್ಲೋ ನಂದು, ಎಂದು ಮಾಣಿಕಪ್ಪ ತನ್ನ ಚೀಲಕ್ಕೆ ಒಂದು ಒದೆ ಕೊಟ್ಟ, ಮರುಕ್ಷಣ ಕಾಳಿಗೆ ಕಾಲು ತಾಗಿತೆಂದು ಮುಟ್ಟಿ ಕಣ್ಣಿಗೊತ್ತಿಕೊಂಡ, ಅವ್ವಾ ಬಂಡೆಮ್ಮ, ರೊಟ್ಟಿ ಬಡದಂಗಽ ಬಡದಿ ನೋಡು, ನನಗೂ ಕಲಿಸವಾ! ಜನ ನಗುತ್ತಿದ್ದಾರೆ, ಯಾರೋ ಸೀಟಿ ಹೊಡೆಯುತ್ತಾರೆ, ಬಂಡೆಮ್ಮ ಎದ್ದು ನಿಂತಿದ್ದಾಳೆ, ಮೊಣಕೈಗೆ ಮಣ್ಣು, ಮೈಯೆಲ್ಲ ಹೂವಿನಷ್ಟೇ ಭಾರ, ಹಂದಿಗಳಿರಾ, ಹಂದಿಗಳಿರಾ, ನಾಳೆಯಿಂದ ಹಳ್ಳದ ಆ ಕಡೆಯೇ ಇರಿ, ಅಪ್ಪಾ ನೋಡಿದೆಯಾ, ನೋಡಿರುತ್ತಾನೆ, ಹತ್ತಿರ ಯಾರೋ ಬಂದು ನಿಂತಿದ್ದಾರೆ, ವಹಾಬ್, ಕೂಗಾಟದಿಂದ ಆಚೆಗೆ ಬಾ ಎನ್ನುವಂತೆ ತಲೆಯಾಡಿಸಿ, ಕಂಬಳಿಯ ಸುತ್ತು ಬಿಚ್ಚಿ, ಎರಡೂ ಕೈಯಲ್ಲಿ ನೀಡುತ್ತಾನೆ, ತಗೋ ಬೇಟಿ, ನಿಮ್ಮಪ್ಪಂದು ಅಮಾನತ್, ನಂಬಿ ಕೊಟ್ಟಿದ್ದು. ಕೀಲು ತೆಗೆದು ನಳಿಗೆಯನ್ನು ಆಕಾಶದ ಕಡೆ ಎತ್ತಿ ಕಣ್ಣಿಗಿಡುತ್ತಾಳೆ, ಎರಡು ವರ್ಷ, ತುಕ್ಕು ಹಿಡಿದಿರಬೇಕು, ಹಿಡಿದಿಲ್ಲ, ಎಣ್ಣೆಬಟ್ಟೆ ಯಾರೋ ತಪ್ಪದೆ ಎಳೆದಿದ್ದಾರೆ, ವಹಾಬನ ಉಗುರಸಂದಿಯಲ್ಲಿ ಕಪ್ಪು ಎಣ್ಣೆ, ಅವನು ಆಗಲೇ ಬೆನ್ನು ತಿರುಗಿಸಿ ಮುಂದಿನವನ ಹೆಸರು ಕೂಗುತ್ತಿದ್ದಾನೆ — ನಳಿಗೆಯ ಉದ್ದಕ್ಕೂ ಕತ್ತಲು, ಕತ್ತಲಿನ ಆ ತುದಿಗೆ ದುಂಡಗೆ, ಅಲ್ಲಾಡದೆ, ಬೆಳಕಿನ ಬಳೆ, ಬೆಳಕಿನ ಬಳೆ