ಲೆಸ್ಟರ್ ಹೊಡೆಯದ ಸಿಳ್ಳೆ

ಆ ಚಳಿಗಾಲ ಇಂಗ್ಲೆಂಡಿನಲ್ಲಿ ಸಿಳ್ಳೆ ಹೊಡೆಯದ ಗಂಡಸೇ ಇರಲಿಲ್ಲ. ಹಾಲಿನವನು ಬಾಟಲಿ ಇಡುತ್ತಾ ಹೊಡೆಯುತ್ತಿದ್ದ, ಪೊಲೀಸಿನವನು ಬೀದಿ ತಿರುಗುತ್ತಾ ಹೊಡೆಯುತ್ತಿದ್ದ, ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತಾ ಹೊಡೆಯುತ್ತಿದ್ದ. ಎಲ್ಲರದೂ ಒಂದೇ ರಾಗ. ಲೆಸ್ಟರ್ ವೇಲ್ ಎಂಬ ಸೊಗಸುಗಾರ ಗಾಯಕನ ಹೊಸ ಹಾಡು ಮಾತಿನಿಂದ ಶುರುವಾಗದೆ ಸಿಳ್ಳೆಯಿಂದ ಶುರುವಾಗುತ್ತಿತ್ತು, ಆ ಸಿಳ್ಳೆಯೇ ಹಾಡನ್ನು ವಾರವಾರದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿಸಿತ್ತು.

ಹಲ್ ಎಂಬ ಬಂದರು ಊರಿನ ಹೆಸ್ಸಲ್ ರಸ್ತೆಯಲ್ಲಿ ಮಾತ್ರ ಅದನ್ನು ಯಾರೂ ಹೊಡೆಯುತ್ತಿರಲಿಲ್ಲ. ಅಲ್ಲಿ ಮನೆಗೊಬ್ಬ ಗಂಡಸು ಐಸ್‌ಲ್ಯಾಂಡಿನ ಕಡೆ ಮೀನಿಗೆ ಹೋಗಿರುತ್ತಾನೆ. ಸಿಳ್ಳೆ ಹೊಡೆದರೆ ಗಾಳಿ ಏಳುತ್ತದೆ, ಗಾಳಿ ಎದ್ದರೆ ಹಡಗು ಮುಳುಗುತ್ತದೆ. ಇದನ್ನು ಅಲ್ಲಿ ಯಾರೂ ಮೂಢನಂಬಿಕೆ ಎನ್ನುವುದಿಲ್ಲ. ಒಲೆಗೆ ಕೈ ಇಟ್ಟರೆ ಸುಡುತ್ತದೆ ಎನ್ನುವುದನ್ನು ಯಾರಾದರೂ ಮೂಢನಂಬಿಕೆ ಎನ್ನುತ್ತಾರೆಯೇ?

ತಮಾಷೆಯೆಂದರೆ ಲೆಸ್ಟರ್ ಅದೇ ರಸ್ತೆಯವನು. ಅಲ್ಲಿ ಅವನು ಬರೀ ಲೆಸ್, ಹಿಲ್ಡಾಳ ದೊಡ್ಡ ಮಗ. ಲಂಡನ್ನಿನ ಪತ್ರಿಕೆಗಳು ಹೊಗಳಿ ಹೊಗಳಿ ಬಾಯಿ ನೋಯಿಸಿಕೊಂಡ ಅವನ ತಿಳಿನೀಲಿ ಸೂಟು, ಬೆನ್ನಿನ ಮೇಲಿನ ನೆರಿಗೆ, ನೆಲ ಗುಡಿಸುವ ಪ್ಯಾಂಟು, ಯಾವುದೂ ಅವನ ತಲೆಯಿಂದ ಹುಟ್ಟಿದ್ದಲ್ಲ. ಹಡಗಿನಿಂದ ಇಳಿದ ಹುಡುಗರು ಮೂರು ದಿನದ ರಜೆಯಲ್ಲಿ ಹೊಲಿಸಿಕೊಂಡು ಮೆರೆಯುವ ಸೂಟು ಅದು. ತಮ್ಮ ನೆವಿಲ್ ಆ ಫೋಟೋಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಸೂಟನ್ನು ಜೊತೆಗೊಯ್ದ ಲೆಸ್ಟರ್ ಹೆದರಿಕೆಯನ್ನು ಊರಲ್ಲೇ ಬಿಟ್ಟುಹೋಗಿದ್ದ. ಲಂಡನ್ನಿನಲ್ಲಿ ಗಾಳಿ ಎಂದರೆ ಕೂದಲು ಕೆಡಿಸುವ ಒಂದು ಕಿರಿಕಿರಿ, ಅಷ್ಟೆ.

ಈಗ ಅದೇ ಲೆಸ್ಟರ್ ಅಮ್ಮನ ಅಡುಗೆಮನೆಯಲ್ಲಿ ಚಹಾ ಆರಿಸಿಕೊಂಡು ಕುಳಿತಿದ್ದ. ಸಂಜೆ ಊರಿನ ದೊಡ್ಡ ಸಭಾಂಗಣದಲ್ಲಿ ಅವನ ಕಾರ್ಯಕ್ರಮ. ನೆವಿಲ್ ಇದ್ದ ‘ಗ್ರೇ ಹೆರಾನ್’ ಹಡಗಿನಿಂದ ಮೂರು ದಿನದಿಂದ ಸುದ್ದಿಯಿಲ್ಲ.

"ಮೀನು ಸಿಕ್ಕಿರತ್ತೆ ಕಣೋ," ಎಂದಳು ಹಿಲ್ಡಾ, ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಾ. "ಆ ಕ್ಯಾಪ್ಟನ್ನು ಮಹಾ ಕಿಲಾಡಿ. ಬಾಯಿ ಬಿಟ್ರೆ ಬೇರೆ ಹಡಗೆಲ್ಲಾ ಅಲ್ಲಿಗೇ ಬಂದ್ಬಿಡ್ತಾವೆ ಅಂತ ವೈರ್ಲೆಸ್ಸು ಮುಚ್ಕೊಂಡು ಕೂತಿರ್ತಾನೆ."

"ಮೂರು ದಿನಾನಾ ಅಮ್ಮ?"

"ನಿಂಗೇನು ಗೊತ್ತು ಸಮುದ್ರ? ಸುಮ್ನೆ ಚಹಾ ಕುಡಿ."

ಅಷ್ಟರಲ್ಲಿ ಹಿಂಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಐವಿ ಬಂದಳು. ಅವಳ ಒಬ್ಬನೇ ಮಗ ಕಾಲಿನ್ ಅದೇ ಹಡಗಿನಲ್ಲಿದ್ದ. ತಲೆಯ ಸ್ಕಾರ್ಫು ಬಿಚ್ಚದೆ, ಕುಳಿತುಕೊಳ್ಳದೆ ಹೇಳಿದಳು, "ಹಡಗಿನ ಆಫೀಸಿಗೆ ಹೋಗ್ಬಂದೆ ಹಿಲ್ಡಾ. ಅಲ್ಲಿ ಗಾಳಿ ಅಂದ್ರೆ ಗಾಳಿಯಂತೆ. ಹಗ್ಗದ ಮೇಲೆಲ್ಲಾ ಮಂಜುಗಡ್ಡೆ ಕಟ್ಕೊಂಡು ಅದರ ಭಾರಕ್ಕೆ ಹಡಗು ಮಗುಚ್ಕೊಳ್ಳೋ ಹಾಗೆ ಆಗ್ತಿದ್ಯಂತೆ. ಎಲ್ಲಾರೂ ಕೊಡಲಿ ತಗೊಂಡು ಮಂಜು ಕಡೀತಿದಾರಂತೆ. ಬೇರೆ ಹಡಗೆಲ್ಲಾ ಉತ್ತರ ಕೊಟ್ಟಿದಾವೆ. ನಮ್ಮದೊಂದೇ ಇಲ್ಲ."

ಆಮೇಲೆ ಲೆಸ್ಟರನ ಕಡೆ ತಿರುಗಿದಳು. "ನಿನ್ನ ಹಾಡು ಬೆಳಗ್ಗೆಯಿಂದ ಬರ್ತಾನೇ ಇದ್ಯಲ್ಲಪ್ಪಾ ರೇಡಿಯೋದಲ್ಲಿ. ಒಳ್ಳೇ ಹಾಡು. ಗಾಳಿಗೂ ತುಂಬಾ ಇಷ್ಟ ಆಗಿರ್ಬೇಕು."

"ಐವಿ!" ಎಂದಳು ಹಿಲ್ಡಾ.

"ನಾನೇನಂದೆ ಈಗ? ಹಾಡು ಚೆನ್ನಾಗಿದೆ ಅಂದೆ."

ಲೆಸ್ಟರ್ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಇದೆಲ್ಲ ಹುಚ್ಚು ಎಂದು ಅವನಿಗೆ ಗೊತ್ತಿತ್ತು. ಆದರೂ ಎದೆ ಕೇಳಲಿಲ್ಲ. ತಾನು ಬಾಯಿ ಮುಚ್ಚಿಕೊಂಡು ಕೂರಬಹುದು, ಆದರೆ ರೆಕಾರ್ಡಿನ ಬಾಯಿ ಮುಚ್ಚುವವರು ಯಾರು? ಅಂಗಡಿ ಅಂಗಡಿಯಲ್ಲಿ, ಮನೆ ಮನೆಯಲ್ಲಿ, ಈ ಗಳಿಗೆಯಲ್ಲೂ ಅವನದೇ ತುಟಿ ಗಾಳಿಯನ್ನು ಕರೆಯುತ್ತಿತ್ತು. ಹಡಗಿನ ಮೇಲೆ ನೆವಿಲ್ ಕೊಡಲಿ ಹಿಡಿದು ಮಂಜು ಕಡಿಯುತ್ತಿದ್ದ.

ಕೋಟು ಸಿಕ್ಕಿಸಿಕೊಂಡು ಬೀದಿ ಮೂಲೆಯ ಟೆಲಿಫೋನ್ ಬೂತಿಗೆ ಓಡಿದ. ಲಂಡನ್ನಿನ ಒಂದು ರೇಡಿಯೋ ಕೇಂದ್ರಕ್ಕೆ ಕರೆ ಮಾಡಿ, ದಯವಿಟ್ಟು ಇವತ್ತೊಂದು ದಿನ ನನ್ನ ಹಾಡು ಹಾಕಬೇಡಿ ಎಂದು ಅಂಗಲಾಚಿದ. ಆ ಕಡೆಯ ಹುಡುಗಿ ಕಿಲಕಿಲ ನಕ್ಕಳು.

"ನಿಜವಾಗ್ಲೂ ಲೆಸ್ಟರ್ ವೇಲಾ? ಹಾಗಾದ್ರೆ ಒಂದು ಸಲ ಸಿಳ್ಳೆ ಹೊಡೀರಿ, ನಂಬ್ತೀನಿ."

"ಹೊಡೆಯಕ್ಕಾಗಲ್ಲಮ್ಮಾ. ಅದಕ್ಕೇ ಕೇಳ್ತಿರೋದು. ನನ್ನ ತಮ್ಮ ಸಮುದ್ರದಲ್ಲಿದ್ದಾನೆ."

"ಅಯ್ಯೋ, ಎಷ್ಟು ಚೆನ್ನಾಗಿ ಕಥೆ ಕಟ್ತೀರಿ! ಇರಿ, ಹೇಳ್ತೀನಿ ನಮ್ಮವರಿಗೆ."

ಅವಳು ಹೇಳಿದಳು, ಮಹಾತಾಯಿ. ಲೆಸ್ಟರ್ ವಾಪಸು ಬರುವ ದಾರಿಯಲ್ಲಿ ಚಿಪ್ಸು ಕರಿಯುವ ಅಂಗಡಿಯ ರೇಡಿಯೋದಲ್ಲಿ ಕಾರ್ಯಕ್ರಮದವನು ನಗುನಗುತ್ತಾ ಹೇಳುತ್ತಿದ್ದ: ಸಿಳ್ಳೆ ಹೊಡೆದರೆ ಬಿರುಗಾಳಿ ಏಳುತ್ತದಂತೆ, ತನ್ನ ಹಾಡು ಹಾಕಬೇಡಿ ಎಂದು ಸ್ವತಃ ಲೆಸ್ಟರ್ ವೇಲ್ ಫೋನು ಮಾಡಿದ್ದಾನೆ, ಬನ್ನಿ ನೋಡೋಣ, ಎಲ್ಲಾರೂ ಸೇರಿ ಒಂದು ಬಿರುಗಾಳಿ ಎಬ್ಬಿಸೋಣ. ಆಮೇಲೆ ಹಾಡು ಶುರುವಾಯಿತು. ಅಂಗಡಿಯವನು ಲೆಸ್ಟರನ ಮುಖವನ್ನೊಮ್ಮೆ ನೋಡಿ, ಎಣ್ಣೆ ಕೈಯಲ್ಲೇ ರೇಡಿಯೋ ಆರಿಸಿದ. ಲಂಡನ್ನಿನಲ್ಲಿ ಅದು ಹಾಡುತ್ತಲೇ ಇತ್ತು. ಲೆಸ್ಟರ್ ಗೋಡೆಗೆ ಕೈ ಕೊಟ್ಟು ನಿಂತ. ತಡೆಯಲು ಹೋಗಿ ತಾನೇ ಇನ್ನೊಂದು ಸಲ ಹಾಡಿಸಿದಂತಾಗಿತ್ತು.

ಸಂಜೆ ಸಭಾಂಗಣದ ಹಿಂದಿನ ಕೋಣೆಯಲ್ಲಿ ಅವನ ಮ್ಯಾನೇಜರ್ ಪರ್ಸಿವಲ್ ಕೈಕೈ ಹೊಸೆಯುತ್ತಿದ್ದ. ಟೀವಿಯವರು ಕ್ಯಾಮೆರಾ ತಂದಿದ್ದರು.

"ತಮ್ಮನ ವಿಷಯ ಕೇಳಿ ಬೇಜಾರಾಯ್ತು ಲೆಸ್ಟರ್, ದೇವರಾಣೆ. ಆದ್ರೆ ಟೀವಿಯವರಿಗೆ ಆ ಒಂದು ಸಿಳ್ಳೆ ಬೇಕು. ಅದೊಂದು ಸಿಕ್ಕಿದ್ರೆ ಮಂಗಳವಾರದ ಪಟ್ಟೀಲಿ ನೀನೇ ಮೊದಲನೇ ಸ್ಥಾನ. ಅದಿಲ್ದೆ ಹೋದ್ರೆ ಯಾವ ಮುಖ ಇಟ್ಕೊಂಡು ಲಂಡನ್ನಿಗೆ ಹೋಗ್ತೀಯ?"

"ನೀನು ಈ ಊರಿನವನಲ್ಲ ಪರ್ಸಿ."

"ನೀನೂ ಅಲ್ಲ ಅಂತ ತಾನೇ ಎಲ್ಲಾ ಕಡೆ ಹೇಳ್ಕೊಂಡು ಬಂದಿದ್ದು?"

ಲೆಸ್ಟರ್ ಸೂಟಿನ ಗುಂಡಿ ಹಾಕಿಕೊಂಡು ವೇದಿಕೆಗೆ ನಡೆದ.

ಮುಂದಿನ ಸಾಲುಗಳಲ್ಲಿ ಹೆಸ್ಸಲ್ ರಸ್ತೆಯ ಹೆಂಗಸರಿದ್ದರು. ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವುದಕ್ಕಿಂತ ಇದು ವಾಸಿ ಎಂದು ಬಂದವರು. ಅಮ್ಮ ಇದ್ದಳು, ಪಕ್ಕದಲ್ಲಿ ಐವಿ, ಕೋಟು ಬಿಚ್ಚದೆ. ಮೇಲಿನ ಬಾಲ್ಕನಿಯಲ್ಲಿ ಬೇರೆ ಊರಿನ ಕಾಲೇಜು ಹುಡುಗರು ಗದ್ದಲವೆಬ್ಬಿಸುತ್ತಿದ್ದರು. ಲೆಸ್ಟರ್ ಹಳೆಯ ಹಾಡುಗಳನ್ನು ಒಂದರ ಹಿಂದೊಂದು ಹಾಡಿದ. ಹೆದರಿದಾಗ ಅವನ ದನಿ ಇನ್ನೂ ಚೆನ್ನಾಗಿರುತ್ತಿತ್ತು, ಅದೊಂದು ಶಾಪ. ಜನ ಚಪ್ಪಾಳೆ ತಟ್ಟಿದರು.

ಕೊನೆಗೆ ಡ್ರಮ್ಮಿನವನು ಆ ಹಾಡಿನ ತಾಳ ಹಿಡಿದ. ಗಿಟಾರು ಸೇರಿಕೊಂಡಿತು. ಕ್ಯಾಮೆರಾದ ಕೆಂಪು ದೀಪ ಹೊತ್ತಿಕೊಂಡಿತು. ಲೆಸ್ಟರ್ ಮೈಕಿನ ಬಳಿ ಬಂದು ತುಟಿ ದುಂಡಗೆ ಮಾಡಿದ. ಐವಿಯ ಕಣ್ಣು ಆ ತುಟಿಗಳ ಮೇಲೆಯೇ ನೆಟ್ಟಿತ್ತು. ತುಟಿ ಒಣಗಿ ಹೋಯಿತು. ತಂಡ ಸಿಳ್ಳೆಗಾಗಿ ಕಾಯುತ್ತಾ ಅದನ್ನೇ ಮತ್ತೆ ಬಾರಿಸಿತು. ಬಾಲ್ಕನಿಯಲ್ಲಿ ಯಾವನೋ ಒಬ್ಬ ಸಿಳ್ಳೆ ಶುರು ಮಾಡಿದ. ಕೆಳಗಿನ ಅಷ್ಟೂ ಹೆಂಗಸರು ಒಟ್ಟಿಗೆ ತಲೆಯೆತ್ತಿ ಅವನನ್ನು ನೋಡಿದರು. ಅವನ ಸಿಳ್ಳೆ ಅರ್ಧಕ್ಕೇ ನಿಂತಿತು.

ಪರದೆಯ ಪಕ್ಕದಿಂದ ಪರ್ಸಿವಲ್ ಕೈ ಆಡಿಸುತ್ತಿದ್ದ. ಲೆಸ್ಟರ್ ಮೈಕಿಗೆ ಹೇಳಿದ, "ನನ್ನ ಕೈಲಾಗಲ್ಲ." ಗಿಟಾರು ನಿಂತಿತು. ತಾಳವೂ ನಿಂತಿತು.

ಆಗಲೇ ಪಕ್ಕದ ಬಾಗಿಲಿನಿಂದ ಬ್ಲೆಂಕಿನ್ ಒಳಗೆ ಬಂದ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು. ಮೀನುಗಾರರ ಮನೆಮಂದಿಯನ್ನು ವಿಚಾರಿಸಿಕೊಳ್ಳುವ ಕ್ರೈಸ್ತ ಮಿಷನ್ನಿನವನು. ಪಾಪ, ಒಳ್ಳೆಯ ಮನುಷ್ಯ, ಆದರೆ ಅವನು ಬೀದಿಗೆ ಬಂದರೆ ಹೆಂಗಸರು ಕಿಟಕಿಯ ಪರದೆ ಎಳೆಯುತ್ತಾರೆ. ಸಾವಿನ ಸುದ್ದಿ ಇಲ್ಲದೆ ಅವನು ಯಾರ ಬಾಗಿಲನ್ನೂ ತಟ್ಟುವುದಿಲ್ಲ.

ಅವನು ಸಾಲುಗಳ ನಡುವೆ ನಿಧಾನ ನಡೆದು ಬಂದ. ದಾಟಿದ ಸಾಲಿನಲ್ಲಿ ಉಸಿರು ಬಿಡುವ ಸದ್ದು, ಮುಂದಿನ ಸಾಲಿನಲ್ಲಿ ಉಸಿರೇ ಇಲ್ಲ. ಲೆಸ್ಟರ್ ಮೈಕಿನ ಕಂಬವನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಇಲ್ಲಿಗೆ ಬೇಡ, ಅಮ್ಮನ ಹತ್ತಿರ ಬೇಡ, ಬೇರೆ ಯಾರ ಹತ್ತಿರವಾದರೂ ಹೋಗಲಿ ಎಂದು ಮನಸ್ಸು ಚೀರಿಕೊಂಡಿತು. ಬ್ಲೆಂಕಿನ್ ಮೊದಲ ಸಾಲಿಗೆ ಬಂದ. ಹಿಲ್ಡಾ ಕಣ್ಣು ಮುಚ್ಚಿಕೊಂಡಳು. ಅವನು ಅವಳ ಮೊಣಕಾಲು ದಾಟಿ ಹೋದ.

ಲೆಸ್ಟರನ ಒಳಗೆ ಸಂತೋಷ ಉಕ್ಕಿತು. ನಾಚಿಕೆಯಿಲ್ಲದ, ತಡೆಯಲಾಗದ ಸಂತೋಷ. ಅದು ಗಂಟಲಿಗೆ ಬರುವಷ್ಟರಲ್ಲಿ ಬ್ಲೆಂಕಿನ್ ಐವಿಯ ಮುಂದೆ ಮೊಣಕಾಲೂರಿದ.

"ಹಡಗು ಸಿಕ್ಕಿದೆ ಐವಿ," ಎಂದ ಅವನು ಮೆಲ್ಲಗೆ. ಅದು ಸಭಾಂಗಣಕ್ಕೆಲ್ಲಾ ಕೇಳಿಸಿತು. "ವೈರ್ಲೆಸ್ ಕಂಬ ಮುರ್ದು ಹೋಗಿತ್ತಂತೆ. ಮಧ್ಯಾಹ್ನ ಒಂದು ಕೊಲ್ಲಿ ಒಳಗೆ ಬಂದು ಸೇರ್ತು. ಎಲ್ಲಾರೂ ಇದ್ದಾರೆ, ಒಬ್ಬನನ್ನ ಬಿಟ್ಟು. ಇವತ್ತು ಬೆಳಗ್ಗೆ ಮಂಜು ಕಡೀತಿರುವಾಗ..."

ಐವಿ ಅಳಲಿಲ್ಲ. ಹಿಂದಿನ ಸಾಲುಗಳಿಂದ ಹೆಂಗಸರ ಕಣ್ಣು ಒಂದೊಂದಾಗಿ ವೇದಿಕೆಯ ಕಡೆ ಏಳುತ್ತಿತ್ತು. ಬೆಳಗ್ಗೆ ಎಷ್ಟು ಸಲ ಬಂತು ಆ ಹಾಡು ಎಂದು ಲೆಕ್ಕ ಹಾಕುತ್ತಿದ್ದ ಕಣ್ಣುಗಳು. ಲೆಸ್ಟರ್ ಅಲ್ಲಾಡದೆ ನಿಂತಿದ್ದ. ಇನ್ನು ಬರುವುದು ಬರಲಿ ಎಂದುಕೊಂಡ.

ಐವಿ ಎದ್ದು ನಿಂತಳು. ವೇದಿಕೆಗೆ ಬೆನ್ನು ಮಾಡಿ ಆ ಹೆಂಗಸರ ಕಡೆ ತಿರುಗಿದಳು.

"ಹಿಲ್ಡಾನ ಮಗ ಸಿಳ್ಳೆ ಹೊಡೀಲಿಲ್ಲ," ಎಂದಳು, ಪ್ರತಿ ಸಾಲಿಗೂ ಕೇಳಿಸುವ ಹಾಗೆ. "ನಾನು ನೋಡ್ತಾ ಕೂತಿದ್ದೆ. ಅವನು ಹೊಡೀಲಿಲ್ಲ. ಯಾರೂ ಅವನನ್ನ ಏನೂ ಅನ್ಬಾರ್ದು."

ಆಮೇಲೆ ಕೂರಲು ಹೋದಳು. ಕುರ್ಚಿ ಎಲ್ಲಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಹಿಲ್ಡಾ ಅವಳನ್ನು ಹಿಡಿದುಕೊಂಡಳು.