ಝೋಯಾಳ ದನಿಗೆ ಪ್ರಾಕ್ಸಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಇರಲಿ ಬಿಡಿ. ಅಮೆರಿಕದ ಸಮರ್‌ಸೆಟ್‌ನ ಎಲಿಮೆಂಟರಿ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವಳು ನಾನು. ಮಕ್ಕಳ ಬಾಯಲ್ಲಿ ನಾನು ಬರೀ "ಮಿಸ್ ಕೆ" ಅಷ್ಟೆ. ಕೆಂಪಮ್ಮ ಎಂದು ಪೂರ್ತಿ ಕರೆಯುವಷ್ಟು ತಾಳ್ಮೆ ಈ ದೇಶದಲ್ಲಿ ಯಾರಿಗಿದೆ?

ಕಳೆದ ಫಾಲ್‌ನಲ್ಲಿ, ಎಲೆ ಉದುರುವ ಕಾಲದಲ್ಲಿ, ಪ್ರಿನ್ಸಿಪಾಲರು ಕರೆದು ಹೇಳಿದರು: ಲೈಬ್ರರಿಗೆ ಮಕ್ಕಳು ಬರುತ್ತಿಲ್ಲ, ವಸಂತ ಬಂದಾಗ ಸ್ಕೂಲ್ ಬೋರ್ಡ್ ಮೀಟಿಂಗ್ ಇದೆ, ಬಳಕೆ ಹೆಚ್ಚಿದೆ ಎಂದು ತೋರಿಸದಿದ್ದರೆ ಮುಚ್ಚಿಬಿಡುತ್ತಾರೆ. "ಟೆಕ್ನಾಲಜಿ ಏನಾದರೂ ಬಳಸಿ" ಎಂದೂ ಸೇರಿಸಿದರು, ಸಾರಿಗೆ ಒಗ್ಗರಣೆ ಹಾಕಿ ಎನ್ನುವಷ್ಟು ಸಲೀಸಾಗಿ.

ಹಾಕಿದೆ. ಮಕ್ಕಳು ತಮಗೆ ಇಷ್ಟವಾದ ಪುಸ್ತಕವನ್ನು ಟ್ಯಾಬ್ಲೆಟ್ ಮುಂದೆ ಓದಿ ರೆಕಾರ್ಡ್ ಮಾಡಬೇಕು. ಆ ಪುಸ್ತಕದ ಹಿಂಬದಿಗೆ ನಾನೊಂದು ಕ್ಯೂಆರ್ ಕೋಡ್ ಅಂಟಿಸುತ್ತೇನೆ. ಬೇರೆ ಮಗು ಬಂದು ಅದನ್ನು ಸ್ಕ್ಯಾನ್ ಮಾಡಿದರೆ ಗೆಳೆಯನ ದನಿಯಲ್ಲೇ ಕಥೆ ಕೇಳುತ್ತದೆ, ಜೊತೆಗೆ ಪುಟ ತಿರುಗಿಸುತ್ತಾ ಓದಿಕೊಳ್ಳುತ್ತದೆ. ಯಾರ ಓದನ್ನು ಎಷ್ಟು ಸಲ ಕೇಳಿದರು ಎಂಬ ಲೆಕ್ಕ ಪರದೆಯ ಮೇಲೆ ಬರುತ್ತದೆ. ಅಬ್ಬಬ್ಬಾ, ಮಕ್ಕಳು ಮುಗಿಬಿದ್ದರು! ಮಯಾಂಕ್ ಎಂಬ ತರಲೆ ಡೈನೋಸಾರ್ ಪುಸ್ತಕವನ್ನು ಘರ್ಜಿಸಿಕೊಂಡೇ ಓದಿ ಮುಗಿಸಿದ.

ಆದರೆ ನಾನು ಹೇಳಬೇಕಾದ್ದು ಝೋಯಾ ವಿಷಯ. ಎರಡನೇ ಕ್ಲಾಸು, ಮೈಸೂರಿನ ಆತಿಕಾಳ ಮಗಳು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಗೆ ಬಂದರೆ ತುಟಿ ಬಿಚ್ಚುತ್ತಿರಲಿಲ್ಲ. ಟೀಚರು, ಕೌನ್ಸೆಲರು, ಎಲ್ಲರೂ ಕೈಚೆಲ್ಲಿದ್ದರು. ಒಂದು ದಿನ ಅಟ್ಲಾಸ್‌ಗಳ ಕಪಾಟಿನ ಹಿಂದೆ ಕೂತು, ಟ್ಯಾಬ್ಲೆಟನ್ನು ಮುಖದ ಹತ್ತಿರ ಹಿಡಿದು, ಬಾತುಕೋಳಿಯ ಕಥೆಯೊಂದನ್ನು ಪಿಸುದನಿಯಲ್ಲಿ ಓದಿದಳು. ನಾನು ಕಪಾಟಿನ ಈಚೆ ಉಸಿರು ಬಿಗಿಹಿಡಿದು ನಿಂತಿದ್ದೆ. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ.

ಮಾರನೆಯ ದಿನ ತಾನೇ ಬಂದು ಪರದೆ ನೋಡಿದಳು. ನಾಲ್ಕೈದು ಮಕ್ಕಳು ಕೇಳಿದ್ದರು.

"ದೇ ಹರ್ಡ್ ಮಿ?" ಎಂದಳು. ನನ್ನೊಡನೆ ಅವಳಾಡಿದ ಮೊದಲ ಮಾತು.

"ಹೂಂ ಕಣಮ್ಮ, ಕೇಳಿದ್ರು."

ಆಮೇಲೆ ಪ್ರತಿ ವಾರವೂ ಹೊಸ ಪುಸ್ತಕ, ಅದೇ ಕಪಾಟಿನ ಹಿಂದೆ. ಲೈಬ್ರರಿ ಮುಚ್ಚಿದರೆ ಈ ಮಗುವಿಗೆ ಮಾತಾಡಲು ಬೇರೆ ಜಾಗವೇ ಇಲ್ಲವಲ್ಲ ಎಂಬ ಚಿಂತೆ ನನ್ನನ್ನು ಹಿಡಿದುಕೊಂಡಿತು. ಅದನ್ನು ಬಾಯಿಬಿಟ್ಟು ಹೇಳಿದ್ದು ತನುಶ್ರೀ ಮುಂದೆ. ಅವಳ ಮಗನೂ ನಮ್ಮ ಶಾಲೆಯೇ. ಕನ್ನಡದ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಅವಳೇ ಅಡ್ಮಿನ್.

"ಅಯ್ಯೋ ಆಂಟಿ, ಇಷ್ಟಕ್ಕೆಲ್ಲ ಟೆನ್ಷನ್ ಮಾಡ್ಕೊಂಡ್ರೆ ಹೆಂಗೆ? ನಾವೆಲ್ಲ ಇಲ್ವಾ?" ಎಂದಳು. ವಾಲಂಟಿಯರ್ ಆಗಿ ಬಂದು ಪುಸ್ತಕಗಳನ್ನೂ ಜೋಡಿಸಿಕೊಟ್ಟಳು. ಎಂಥ ಒಳ್ಳೆ ಹುಡುಗಿ ಎಂದುಕೊಂಡೆ.

ಅಲ್ಲಿಂದ ಲೆಕ್ಕ ಏರಿದ್ದೇ ಏರಿದ್ದು. ನಾನು ಹಿಗ್ಗಿ ಹೀರೇಕಾಯಿಯಾದೆ. ಝೋಯಾಳ ಬಾತುಕೋಳಿ ಮಯಾಂಕನ ಡೈನೋಸಾರನ್ನೂ ಹಿಂದೆ ಹಾಕಿತ್ತು. ಅವಳೀಗ ಕಪಾಟಿನ ಹಿಂದೆ ಅಡಗುತ್ತಿರಲಿಲ್ಲ, ಕಿಟಕಿಯ ಪಕ್ಕ ಕೂತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದಳು. ಕ್ಲಾಸಿನಲ್ಲಿ ಕೈ ಎತ್ತಿ ಉತ್ತರ ಹೇಳಿದಳಂತೆ. ಆತಿಕಾ ಫೋನ್ ಮಾಡಿ, ಅದನ್ನು ಹೇಳುತ್ತಲೇ ಅತ್ತಳು.

ಬೋರ್ಡ್ ಮೀಟಿಂಗಿಗೆ ಹಾಲ್ ತುಂಬ ನಮ್ಮವರೇ. ಆತಿಕಾ ಝೋಯಾಳನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸ್ಕೂಲ್ ಬೋರ್ಡಿನ ಅಧಿಕಾರಿ ನಮ್ಮ ಲೈಬ್ರರಿಯ ಗ್ರಾಫನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು.

"ಅದ್ಭುತ! ಅದರಲ್ಲೂ ಹೆಚ್ಚುಕಡಿಮೆ ಎಲ್ಲವೂ ಶಾಲೆಯ ಹೊರಗಿನ ಫೋನುಗಳಿಂದ ಬಂದಿದೆ. ಮಕ್ಕಳು ಮನೆಯಲ್ಲೇ ಕೂತು ಲೈಬ್ರರಿ ಬಳಸುತ್ತಿದ್ದಾರೆ. ಹಾಗಾದ ಮೇಲೆ ಅಷ್ಟು ದೊಡ್ಡ ಕೋಣೆ ಯಾಕೆ?" ಎಂದರು.

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಪಕ್ಕದಲ್ಲಿದ್ದ ತನುಶ್ರೀಯ ಮುಖ ಬಿಳಿಚಿಕೊಂಡಿತ್ತು.

"ಆಂಟಿ... ಆ ಕೋಡ್‌ಗಳ ಫೋಟೋ ಗ್ರೂಪಿಗೆ ಹಾಕಿದ್ದೆ. ಬಾಸ್ಕಿಂಗ್ ರಿಡ್ಜ್, ಬೆಲ್‌ರೋಸ್ ಅಂತ ಬೇರೆ ಊರವ್ರು, ಮೈಸೂರಲ್ಲಿ ನಮ್ಮತ್ತೆ, ಎಲ್ಲಾರೂ ಒತ್ತಿದ್ರು. ಮ್ಯೂಟ್ ಮಾಡಿ ಬಿಟ್‌ಬಿಡ್ತಿದ್ವಿ. ಕಾಲೇಜಲ್ಲಿ ಫ್ರೆಂಡ್ಸ್‌ಗೆ ಪ್ರಾಕ್ಸಿ ಅಟೆಂಡೆನ್ಸ್ ಹಾಕ್ತಿರ್ಲಿಲ್ವಾ, ಹಂಗೇ. ನಿಮಗೆ ಹೆಲ್ಪ್ ಆಗ್ಲಿ ಅಂತ..."

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಮೈಯೆಲ್ಲ ಉರಿದುಹೋಯಿತು. ಯಾರಿಗೂ ಹೇಳದೆ ಕೇಳದೆ ಎದ್ದು ಮೈಕಿನ ಮುಂದೆ ನಿಂತೆ. ಸಿಟ್ಟಿನಲ್ಲಿ ಎದ್ದವಳಿಗೆ ಅಕ್ಕಪಕ್ಕ ಕಾಣುತ್ತದೆಯೇ?

"ಈ ಲೆಕ್ಕ ಸುಳ್ಳು" ಎಂದೆ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ. "ಮನೆಯಲ್ಲಿ ಕೂತು ಯಾರೂ ಈ ಮಕ್ಕಳ ಓದನ್ನು ಕೇಳಿಲ್ಲ. ದೊಡ್ಡವರು ನನಗೆ ಸಹಾಯವಾಗಲೆಂದು ಸುಮ್ಮನೆ ಬಟನ್ ಒತ್ತಿದ್ದಾರೆ, ದನಿ ಬಂದ್ ಮಾಡಿಟ್ಟು. ನಿಜವಾಗಿ ಕೇಳಿದವರು ಆ ಕೋಣೆಗೆ ಬಂದ ಮಕ್ಕಳು ಮಾತ್ರ. ಅದನ್ನು ಮುಚ್ಚಬೇಡಿ."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ಅಂದರೆ, ನಿಜವಾದ ಬಳಕೆ ಈ ಕೆಳಗಿನ ಸಣ್ಣ ಗೆರೆಯಷ್ಟೇ?"

"ಹೌದು."

"ಇಷ್ಟು ಕಡಿಮೆ ಬಳಕೆಗೆ ಕೋಣೆ ಉಳಿಸಿಕೊಳ್ಳುವುದು ಇನ್ನೂ ಕಷ್ಟವಲ್ಲವೇ?"

ಅತ್ತ ದರಿ, ಇತ್ತ ಪುಲಿ. ಹೆಚ್ಚು ಬಂದರೆ ಕೋಣೆ ಬೇಡ, ಕಡಿಮೆ ಬಂದರೂ ಕೋಣೆ ಬೇಡ. ಇವರು ಮುಚ್ಚುವ ಮನಸ್ಸು ಮಾಡಿಕೊಂಡೇ ಬಂದಿದ್ದರೆಂದು ಆಗ ಹೊಳೆಯಿತು. ಬೋರ್ಡಿನ ಸದಸ್ಯರು ಮತ ಹಾಕಿದರು. ಜೂನ್‌ಗೆ ಲೈಬ್ರರಿ ಮುಚ್ಚುವುದು, ಹೊರಗಿನವರ ಕೈಗೆ ಸಿಕ್ಕಿದ್ದರಿಂದ ರೆಕಾರ್ಡಿಂಗುಗಳ ಖಾತೆ ಇವತ್ತಿನಿಂದಲೇ ಬಂದ್.

ಅದನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಮೈಕಿನಿಂದ ತಿರುಗಿದರೆ ಝೋಯಾ ನನ್ನನ್ನೇ ನೋಡುತ್ತಿದ್ದಾಳೆ. ನಾನು ಹೇಳಿದ್ದು ಒಂದೊಂದೂ ಅವಳಿಗೆ ಅರ್ಥವಾಗಿತ್ತು. ಕೆಟ್ಟೆನಲ್ಲಪ್ಪಾ ಎಂದುಕೊಂಡೆ. ಓಡಿಹೋಗಿ ಅವಳ ಮುಂದೆ ಮಂಡಿಯೂರಿದೆ.

"ಝೋಯಾ, ಮಕ್ಕಳು ನಿಜವಾಗ್ಲೂ ಕೇಳಿದ್ರು ಕಣೆ. ಮಯಾಂಕ್ ಕೇಳಿದ್ದ. ನಾನು ಕೇಳಿದೀನಿ, ಒಂದೂ ಬಿಡದೆ ಎಲ್ಲಾನೂ."

ಅವಳು ಅಳಲಿಲ್ಲ. ತುಟಿಗಳನ್ನು ಒಳಕ್ಕೆಳೆದು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

"ಏನಾದ್ರೂ ಹೇಳು ಬೇಟಾ" ಎಂದಳು ಆತಿಕಾ. "ಮಿಸ್ ಕೆ ಮಾತಾಡಿಸ್ತಿದಾರಲ್ಲ."

ಕಾದೆವು. ಹಾಲ್ ಖಾಲಿಯಾಯಿತು, ಕುರ್ಚಿ ಮಡಚುವವರು ನಮ್ಮ ಸಾಲಿಗೆ ಬಂದರು, ನಾವು ಎದ್ದೆವು.

ಜೂನ್‌ನಲ್ಲಿ ನಾನು ಪುಸ್ತಕಗಳನ್ನು ಡಬ್ಬಗಳಿಗೆ ತುಂಬುತ್ತಿದ್ದಾಗ ಝೋಯಾಳ ಟೀಚರ್ ಬಾಗಿಲಲ್ಲಿ ನಿಂತರು. ನಿಮ್ಮ ಹತ್ತಿರವಾದರೂ ಮಾತಾಡುತ್ತಾಳಾ ಎಂದು ಕೇಳಿದರು. ಇಲ್ಲ ಎಂದೆ.